ಉಳುವವನಿಗೆ ಭೂಮಿ ಸಿಕ್ಕ ನೆಲದಲ್ಲಿ ನಡೆಯುವವನಿಗೆ ದಾರಿ ಎಲ್ಲಿ?

ಮೈಸೂರಿನಿಂದ ಮಡಿಕೇರಿಗೆ ಹೋಗುವ ಬಸ್ಸು ಹುಣಸೂರಿನ ಸೇತುವೆಯ ಮೇಲೆ ಲಕ್ಷ್ಮಣತೀರ್ಥ ನದಿಯನ್ನು ದಾಟಲು ಅರ್ಧ ನಿಮಿಷವೂ ಬೇಕಾಗುವುದಿಲ್ಲ. ಕಿಟಕಿಯ ಪಕ್ಕದಲ್ಲಿ ಕುಳಿತವರಿಗೆ ಎಷ್ಟೋ ಸಲ ಕೆಳಗೊಂದು ಹಸಿರು ಹಾಸು ಕಂಡು ಮರೆಯಾಗುತ್ತದೆ. ಊರು ತಿಳಿಯದವರು ಅದನ್ನು ಹುಲ್ಲುಗಾವಲೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಅದು ನೀರಿನ ಮೈಯನ್ನು ಮುಚ್ಚಿ ಹಬ್ಬಿದ ಅಂತರಗಂಗೆಯ ಕಳೆ. ಕಳೆಯ ಕೆಳಗೆ ನದಿ ಇದೆಯೇ, ಇದ್ದರೆ ಯಾವ ಸ್ಥಿತಿಯಲ್ಲಿದೆ ಎಂದು ಯೋಚಿಸುವಷ್ಟರಲ್ಲಿ ಸೇತುವೆ ಮುಗಿದು ಅಂಗಡಿ ಸಾಲು ಬಂದಿರುತ್ತದೆ.

ಪ್ರವಾಸದ ಕೈಪಿಡಿಗಳಲ್ಲಿಯೂ ಹುಣಸೂರಿಗೆ ಸಿಗುವುದು ಈ ಅರ್ಧ ನಿಮಿಷವೇ. ನಾಗರಹೊಳೆಗೆ, ಬೈಲುಕುಪ್ಪೆಗೆ, ಕೊಡಗಿಗೆ ಹೋಗುವವರು ಕಾಫಿ ಕುಡಿಯಲು ಇಳಿಯುವ ಊರು ಎಂಬುದಕ್ಕಿಂತ ಹೆಚ್ಚಿನ ಪರಿಚಯವನ್ನು ಅವು ನೀಡುವುದಿಲ್ಲ. ಇದರಲ್ಲಿ ಹೊರಗಿನವರ ತಪ್ಪು ಮಾತ್ರ ಇಲ್ಲ. ಊರಿನಲ್ಲಿಯೇ ಹುಟ್ಟಿ ಬೆಳೆದ ವಿದ್ಯಾರ್ಥಿಯೂ ತನ್ನ ನದಿಯನ್ನು ಸೇತುವೆಯ ಮೇಲಿಂದ ನೋಡಿರುತ್ತಾನೆಯೇ ಹೊರತು ದಡದ ಮೇಲೆ ಎರಡು ಮೈಲಿ ನಡೆದು ನೋಡಿರುವುದಿಲ್ಲ.

ಈ ಲೇಖನ ಹೇಳಹೊರಟಿರುವುದು ಒಂದೇ ಮಾತನ್ನು. ದಡದ ಮೇಲೆ ಸಾಮಾನ್ಯ ಜನರು ನಡೆದಾಡಲು ಸಾಧ್ಯವಿರುವವರೆಗೆ ಮಾತ್ರ ನದಿ ಆ ಜನರದ್ದಾಗಿರುತ್ತದೆ. ನಡೆಯುವ ದಾರಿ ಮುಚ್ಚಿದ ದಿನದಿಂದ ನದಿಯನ್ನು ನೋಡುವವರು ಇಲ್ಲವಾಗುತ್ತಾರೆ. ನೋಡುವವರಿಲ್ಲದ ನದಿಗೆ ಯಾರು ಏನನ್ನು ಸುರಿದರೂ ಕೇಳುವವರಿರುವುದಿಲ್ಲ. ಬೆಟ್ಟಕ್ಕೂ ಕಾಡಿಗೂ ಇದೇ ಮಾತು ಅನ್ವಯಿಸುತ್ತದೆ. ಆದುದರಿಂದ ಕಾಲುದಾರಿಯ ಪ್ರಶ್ನೆಯನ್ನು ರಜಾದಿನದ ಚಾರಣಿಗರ ಹವ್ಯಾಸವೆಂದು ಬದಿಗೆ ಸರಿಸಬಾರದು. ನಮ್ಮ ನೀರಿನ ಗತಿ ಅದನ್ನು ಅವಲಂಬಿಸಿದೆ.

ದಡ ಕಾಣೆಯಾದ ಊರು

ಲಕ್ಷ್ಮಣತೀರ್ಥ ಹುಟ್ಟುವುದು ದಕ್ಷಿಣ ಕೊಡಗಿನ ಬ್ರಹ್ಮಗಿರಿ ಸಾಲಿನಲ್ಲಿ. ಇರ್ಪುವಿನಲ್ಲಿ ಧುಮುಕಿ, ಗದ್ದೆ ತೋಟಗಳ ನಡುವೆ ಹಾದು, ನಾಗರಹೊಳೆ ಕಾಡಿನ ಸೀಮೆಯಿಂದ ಹೊರಬಂದು ಹುಣಸೂರು ತಾಲ್ಲೂಕನ್ನು ಸೇರುತ್ತದೆ. ಬಾಯಾರಿದ ಅಣ್ಣನಿಗಾಗಿ ಲಕ್ಷ್ಮಣನು ಬಾಣ ಬಿಟ್ಟು ತರಿಸಿದ ನೀರಿದು ಎಂಬುದು ಜನರ ನಂಬಿಕೆ. ಮುಂದೆ ಇದು ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯೊಡನೆ ಕೂಡುತ್ತದೆ. ಎಂದರೆ ಬೆಟ್ಟದ ಹಳ್ಳಿಗಳಿಂದ ಹೊರಟ ನೀರು ಹುಣಸೂರನ್ನು ಹಾದು, ಮೈಸೂರು ಬೆಂಗಳೂರುಗಳು ಕುಡಿಯುವ ನೀರಿನೊಳಗೆ ಸೇರುತ್ತದೆ.

ಹನಗೋಡಿನ ಹಳೆಯ ಅಣೆಕಟ್ಟೆಯಿಂದ ಹುಣಸೂರಿನವರೆಗೆ ನಡೆಯುವುದು ಒಂದು ಹಗಲಿನ ಕೆಲಸ. ಈ ನದಿಗೆ ಅಡ್ಡಲಾಗಿ ಹಿಂದಿನವರು ಕಟ್ಟಿದ ಅಣೆಕಟ್ಟೆಗಳಲ್ಲಿ ಹನಗೋಡಿನದು ಮುಖ್ಯವಾದುದು. ಅಲ್ಲಿಂದ ಹೊರಟ ನಾಲೆಯ ಏರಿಯ ಮೇಲೆ ಕಾಲುದಾರಿ ಇರುತ್ತಿತ್ತು, ಏಕೆಂದರೆ ನಾಲೆಗೆ ನೀರುಗಂಟಿ ಎಂಬ ಮನುಷ್ಯನಿರುತ್ತಿದ್ದ. ಹೆಗಲ ಮೇಲೆ ಗುದ್ದಲಿ ಹೊತ್ತು ಬೆಳಗ್ಗೆ ಮೇಲಿನಿಂದ ಕೆಳಗೆ, ಸಂಜೆ ಕೆಳಗಿನಿಂದ ಮೇಲಕ್ಕೆ ನಡೆಯುವುದೇ ಅವನ ವೃತ್ತಿ. ಏರಿಯಲ್ಲಿ ಏಡಿ ಕೊರೆದ ಬಿಲ ಯಾವುದು, ಯಾರ ಗದ್ದೆಗೆ ನೀರು ಹೆಚ್ಚಾಯಿತು, ಎಲ್ಲಿ ತೂಬು ಸಡಿಲವಾಗಿದೆ ಎಂಬುದೆಲ್ಲ ಅವನ ಕಾಲಿಗೆ ತಿಳಿಯುತ್ತಿತ್ತು. ನೀರಾವರಿಯ ವ್ಯವಸ್ಥೆಯೊಂದು ಶತಮಾನ ಕಾಲ ಬಾಳಿದ್ದರೆ ಅದಕ್ಕೆ ಕಟ್ಟೆಯ ಕಲ್ಲು ಎಷ್ಟು ಕಾರಣವೋ ಈ ದಿನನಿತ್ಯದ ನಡಿಗೆಯೂ ಅಷ್ಟೇ ಕಾರಣ. ನೀರುಗಂಟಿಯಿಲ್ಲದ ನಾಲೆಯನ್ನು ಇಂದು ನೋಡಿದವರಿಗೆ ಈ ಮಾತಿನ ಅರ್ಥ ಆಗುತ್ತದೆ.

ಹನಗೋಡಿನ ಕೆಳಗೆ ದಡದ ಮೇಲೆ ಇನ್ನೂ ನಡೆಯಬಹುದು. ಹೊಂಗೆ, ಅತ್ತಿ, ನೀರು ಹಂಬಲಿಸುವ ಬಿದಿರು, ಎಮ್ಮೆ ಮೈತೊಳೆಯುವ ಇಳುಕಲು, ಬಟ್ಟೆ ಒಗೆಯುವ ಬಂಡೆ ಒಂದರ ಹಿಂದೊಂದು ಸಿಗುತ್ತವೆ. ಅಲ್ಲಲ್ಲಿ ಪಂಪುಸೆಟ್ಟಿನ ಪೈಪನ್ನು ದಾಟಬೇಕು. ಒಬ್ಬ ರೈತನ ಬದುವಿನಿಂದ ಇನ್ನೊಬ್ಬನ ಬದುವಿಗೆ ಇಳಿಯಬೇಕು. ಯಾರೂ ತಡೆಯುವುದಿಲ್ಲ; ಎಲ್ಲಿಗೆ ಹೊರಟಿರಿ ಎಂದು ಕೇಳಿ ಎಳನೀರನ್ನಾದರೂ ಕೊಡುತ್ತಾರೆ.

ಊರು ಹತ್ತಿರವಾದಂತೆ ದಡ ಕಿರಿದಾಗುತ್ತದೆ. ಮೊದಲು ಒಂದು ತಂತಿಬೇಲಿ, ಆಮೇಲೆ ಕಟ್ಟಡ ಒಡೆದ ಮಣ್ಣು ಕಲ್ಲುಗಳ ರಾಶಿ, ಆಮೇಲೆ ಕೋಳಿ ಅಂಗಡಿಗಳ ತ್ಯಾಜ್ಯದ ಚೀಲಗಳು, ಕೊನೆಗೆ ನೇರವಾಗಿ ನೀರಿನಿಂದಲೇ ಎದ್ದ ಗೋಡೆಗಳು. ಇಲ್ಲಿ ಮನೆಗಳು ನದಿಗೆ ಬೆನ್ನು ಹಾಕಿ ನಿಂತಿವೆ. ಮುಂಬಾಗಿಲು ರಸ್ತೆಗೆ, ಬಚ್ಚಲಿನ ಕೊಳವೆ ಹೊಳೆಗೆ. ನಡೆಯುವವನು ದಡವನ್ನು ಬಿಟ್ಟು ಬೀದಿಗೆ ಬರಲೇಬೇಕು. ಮತ್ತೆ ನದಿಯನ್ನು ಕಾಣಬೇಕಾದರೆ ಸಂದಿಗಳಲ್ಲಿ ಹುಡುಕಬೇಕು. ಪ್ರತಿ ಸಂದಿಯ ಕೊನೆಯಲ್ಲಿಯೂ ಕಾಣುವುದು ಒಂದೇ ದೃಶ್ಯ: ಬೂದುಬಣ್ಣದ ನೀರು ಹರಿಯುವ ಮೋರಿಯೊಂದು ಕಳೆಯ ಕೆಳಗೆ ನುಸುಳಿ ಮಾಯವಾಗುತ್ತದೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ದೇಶದ ನದಿಗಳ 351 ಮಲಿನ ಭಾಗಗಳನ್ನು ಪಟ್ಟಿ ಮಾಡಿತು. ಅವುಗಳಲ್ಲಿ ಕರ್ನಾಟಕದವು 17. ಅರ್ಕಾವತಿ, ಭದ್ರಾ, ಕಬಿನಿ, ಕಾವೇರಿಗಳ ಜೊತೆಗೆ ಲಕ್ಷ್ಮಣತೀರ್ಥವೂ ಆ ಪಟ್ಟಿಯಲ್ಲಿತ್ತು. ಹುಣಸೂರಿಗೂ ಕಟ್ಟೆಮಳಲವಾಡಿಗೂ ನಡುವಿನ ಹರಿವನ್ನು ಮಂಡಳಿ ಮಲಿನವೆಂದು ಗುರುತಿಸಿತ್ತು. ವಿದ್ಯಾರ್ಥಿಗಳು ಇದರ ಅಳತೆಗೋಲನ್ನು ಅರಿತಿರಬೇಕು. ನೀರಿಗೆ ಸೇರಿದ ಕೊಳಚೆಯನ್ನು ಸೂಕ್ಷ್ಮಜೀವಿಗಳು ಕೊಳೆಯಿಸುವಾಗ ನೀರಿನಲ್ಲಿರುವ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಕೊಳಚೆ ಹೆಚ್ಚಾದಷ್ಟೂ ಈ ಬೇಡಿಕೆ ಹೆಚ್ಚುತ್ತದೆ, ಮೀನಿಗೆ ಉಳಿಯುವ ಉಸಿರು ಕಡಿಮೆಯಾಗುತ್ತದೆ. ಇದಕ್ಕೆ ಜೈವಿಕ ಆಮ್ಲಜನಕ ಬೇಡಿಕೆ ಎಂದು ಹೆಸರು. ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಅದು ಲೀಟರಿಗೆ 3 ಮಿಲಿಗ್ರಾಮನ್ನು ಮೀರಬಾರದು. ಮೀರಿದ ನೀರಿನಲ್ಲಿ ಸಾರಜನಕ, ರಂಜಕಗಳ ಗೊಬ್ಬರ ತುಂಬಿ ಅಂತರಗಂಗೆ ಹುಲುಸಾಗಿ ಬೆಳೆಯುತ್ತದೆ. ಕಳೆಯನ್ನು ಯಂತ್ರದಿಂದ ತೆಗೆಸಿದ ಮಾತ್ರಕ್ಕೆ ನದಿ ಶುದ್ಧವಾಗುವುದಿಲ್ಲ. ಮೋರಿ ನಿಲ್ಲದಿದ್ದರೆ ಮುಂದಿನ ಮಳೆಗಾಲಕ್ಕೆ ಮುನ್ನವೇ ಕಳೆ ಮರಳಿ ಬರುತ್ತದೆ.

ಈ ವೈಜ್ಞಾನಿಕ ಪಟ್ಟಿ ಪ್ರಕಟವಾಗುವ ಎಷ್ಟೋ ವರ್ಷಗಳ ಮೊದಲೇ ದಡದ ಮೇಲೆ ನಡೆಯುವ ಯಾರಿಗಾದರೂ ಅದೇ ಫಲಿತಾಂಶ ಮೂಗಿಗೇ ತಿಳಿಯುತ್ತಿತ್ತು. ನಡೆಯುವವರು ಇರಲಿಲ್ಲ. ದಡವನ್ನು ಕಳೆದುಕೊಂಡ ಕಾಲಕ್ಕೇ ಊರು ತನ್ನ ಕಾವಲುಗಾರರನ್ನೂ ಕಳೆದುಕೊಂಡಿತ್ತು.

ನದಿಗೆ ಜಾಗ ಬಿಟ್ಟ ಊರು

ಇದು ಎಲ್ಲ ಊರುಗಳ ಹಣೆಬರಹ ಎನ್ನುವವರು ನೆರೆಯ ಕೃಷ್ಣರಾಜನಗರದ ಚರಿತ್ರೆಯನ್ನು ಓದಬೇಕು. ಈಗಿನ ಕೆ.ಆರ್. ನಗರಕ್ಕೆ ಮೊದಲು ಅಲ್ಲಿದ್ದ ಊರು ಎಡತೊರೆ. ಕಾವೇರಿಯ ದಡದ ಮೇಲೆಯೇ ಅರ್ಕೇಶ್ವರನ ಗುಡಿಯ ಸುತ್ತ ಬೆಳೆದಿದ್ದ ಆ ಊರು ನೆರೆಗೆ ಮತ್ತೆ ಮತ್ತೆ ಸಿಕ್ಕಿ ನರಳುತ್ತಿತ್ತು. 1924ರ ಮಹಾನೆರೆಯಂತೂ ದಕ್ಷಿಣ ಭಾರತದ ನದಿಗಳೆಲ್ಲವನ್ನೂ ಹುಚ್ಚೆಬ್ಬಿಸಿತು. ಆ ದಶಕದಲ್ಲಿಯೇ ನದಿಯಿಂದ ದೂರ ಸರಿದು ಎತ್ತರದ ನೆಲದಲ್ಲಿ ಹೊಸ ಪಟ್ಟಣ ನಿರ್ಮಾಣವಾಯಿತು. ಅದಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರು ಬಂತು. ದೇವರು ದಡದಲ್ಲಿಯೇ ಉಳಿದನು. ಜನರು ನದಿಗೆ ಅದರ ಜಾಗವನ್ನು ಬಿಟ್ಟುಕೊಟ್ಟು, ಪೂಜೆಗೆ, ಸ್ನಾನಕ್ಕೆ ನಡೆದು ಬರುವವರಾದರು.

ನೆರೆಯ ನೀರು ಹರಡುವ ಬಯಲು ನದಿಯದೇ ಅಂಗ ಎಂಬ ತಿಳಿವಳಿಕೆ ಸುಮಾರು ನೂರು ವರ್ಷಗಳ ಹಿಂದೆಯೇ ನಮ್ಮ ಜಿಲ್ಲೆಯಲ್ಲಿತ್ತು. ಅದನ್ನು ಮರೆತವರು ನಾವು. 2019ರ ಆಗಸ್ಟ್ ತಿಂಗಳಲ್ಲಿ ಕೊಡಗಿನಲ್ಲಿ ಸುರಿದ ಮಳೆಗೆ ಲಕ್ಷ್ಮಣತೀರ್ಥ ಉಕ್ಕಿ ತಗ್ಗಿನ ಬಡಾವಣೆಗಳಿಗೆ ನುಗ್ಗಿದಾಗ ನದಿ ಊರಿನೊಳಗೆ ಬಂತು ಎಂದು ಎಲ್ಲರೂ ಬರೆದರು. ಊರು ನದಿಯೊಳಗೆ ಹೋಗಿ ಎಷ್ಟು ವರ್ಷಗಳಾದವು ಎಂದು ಬರೆದವರು ವಿರಳ.

ಬೆಟ್ಟದ ಮೇಲಿಂದ ಕಾಣುವ ಲೆಕ್ಕ

ನದಿಯನ್ನು ದಡದಿಂದ ನೋಡಿದವರು ಅದರ ಸೀಮೆಯನ್ನು ಬೆಟ್ಟದಿಂದ ನೋಡಬೇಕು. ಹುಣಸೂರಿನಿಂದ ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರಕ್ಕೆ ಹೋಗಿ ಸಿಡಿಲು ಮಲ್ಲಿಕಾರ್ಜುನನ ಬೆಟ್ಟವನ್ನು ಹತ್ತಿರಿ. ಸಿಡಿಲು ಬಂದು ಲಿಂಗಕ್ಕೆ ನಮಿಸಿ ಹೋಗುತ್ತದೆ ಎಂಬ ಪ್ರತೀತಿಯಿಂದ ದೇವರಿಗೆ ಆ ಹೆಸರು. ಮೂರು ಸಾವಿರಕ್ಕೂ ಮಿಕ್ಕಿದ ಮೆಟ್ಟಿಲುಗಳು. ಶಿಖರ ಸಮುದ್ರಮಟ್ಟದಿಂದ ಹತ್ತಿರ ಹತ್ತಿರ 4,400 ಅಡಿ. ಪಶ್ಚಿಮಕ್ಕೆ ಕೊಡಗಿನ ಬೆಟ್ಟಸಾಲು, ಪೂರ್ವಕ್ಕೆ ಬಯಲು, ನಡುವೆ ಕೆರೆಗಳ ಹೊಳಪು.

ಆ ಬಯಲಿನಲ್ಲಿ ಮತ್ತೊಂದನ್ನು ಎಣಿಸಿ. ಆಗಸ್ಟ್‌ನಿಂದ ನವೆಂಬರಿನವರೆಗೆ ಹತ್ತಿದರೆ ಹಳ್ಳಿ ಹಳ್ಳಿಗಳ ನಡುವಿನಿಂದ ಹೊಗೆ ಏಳುವುದು ಕಾಣುತ್ತದೆ. ಅವು ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳು ಕರ್ನಾಟಕದ ವರ್ಜೀನಿಯಾ ತಂಬಾಕಿನ ತವರು. ಒಂದು ಕಿಲೋ ಎಲೆಯನ್ನು ಹದಕ್ಕೆ ತರಲು ನಾಲ್ಕೈದು ಕಿಲೋ ಸೌದೆ ಉರಿಯಬೇಕು. ಆ ಸೌದೆ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರವನ್ನೂ ನಡೆಯುವವನೇ ಕಾಣಬಲ್ಲ: ಹೊಲದ ಬದುಗಳು ಬೋಳಾಗಿವೆ, ಸಾಲುಮರಗಳು ತೆಳುವಾಗಿವೆ, ಗುಂಡುತೋಪುಗಳು ಹೆಸರಿಗೆ ಮಾತ್ರ ಉಳಿದಿವೆ. ಬೆಳೆಗಾರನನ್ನು ದೂಷಿಸಿ ಫಲವಿಲ್ಲ. ಹರಾಜು ಕಟ್ಟೆಯ ಭರವಸೆಯಿರುವ ಬೇರೆ ಬೆಳೆಯನ್ನು ಅವನಿಗೆ ಯಾರೂ ಕೊಟ್ಟಿಲ್ಲ. ಆದರೆ ಬೆಟ್ಟ ಬೋಳಾದರೆ ಹಳ್ಳ ಬತ್ತುತ್ತದೆ, ಹಳ್ಳ ಬತ್ತಿದರೆ ಬೇಸಗೆಯ ನದಿಯಲ್ಲಿ ಉಳಿಯುವುದು ಮೋರಿಯ ನೀರೊಂದೇ. ಈ ಸರಪಣಿಯನ್ನು ಪಠ್ಯಪುಸ್ತಕದಲ್ಲಿ ಓದುವುದಕ್ಕೂ ಮೊಣಕಾಲು ನೋಯುವಂತೆ ಹತ್ತಿ ಕಣ್ಣಾರೆ ಕಾಣುವುದಕ್ಕೂ ಅಂತರವಿದೆ. ಅಷ್ಟು ಮೆಟ್ಟಿಲು ಆಗದವರು ಬಿಳಿಕೆರೆ ಹೋಬಳಿಯ ಗೊಮ್ಮಟಗಿರಿಯನ್ನಾದರೂ ಏರಲಿ. ಒಂಟಿ ಬಂಡೆಯ ಮೇಲೆ ಸುಮಾರು 18 ಅಡಿಯ ಗೊಮ್ಮಟನು ನಿಂತ ತಾಣದಿಂದಲೂ ಸುತ್ತಣ ಬಯಲಿನ ಇದೇ ಕಥೆ ಓದಲು ಸಿಗುತ್ತದೆ.

ಇಂಥ ಬೆಟ್ಟಗಳಿಗೆಲ್ಲ ರಸ್ತೆ ಬೇಕು, ತಂತಿಮಾರ್ಗ ಬೇಕು ಎನ್ನುವ ಮಾತು ಆಗಾಗ ಏಳುತ್ತದೆ. ಮೈಸೂರಿನ ಚಾಮುಂಡಿ ಬೆಟ್ಟ ನಮಗೆ ಪಾಠವಾಗಲಿ. ಹದಿನೇಳನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಕಟ್ಟಿದ ಸಾವಿರ ಮೆಟ್ಟಿಲುಗಳು ಇಂದಿಗೂ ಭಕ್ತರನ್ನು ಹೊರುತ್ತಿವೆ. ನಂದಿಯ ಕಡೆಗೆ ಹೋಗುವ ವಾಹನ ರಸ್ತೆಯಾದರೋ 2021ರ ಮಳೆಗೆ ಕುಸಿದು ಬಿತ್ತು. ಅದರ ಮರುವರ್ಷವೇ ಅದೇ ಬೆಟ್ಟಕ್ಕೆ ರೋಪ್‌ವೇ ಹಾಕುವ ಘೋಷಣೆ ಹೊರಟಿತು. ಮೈಸೂರಿನ ನಾಗರಿಕರು ಪ್ರತಿಭಟಿಸಿದ ಮೇಲೆ 2022ರಲ್ಲಿಯೇ ಅದನ್ನು ಕೈಬಿಡಲಾಯಿತು. ಬೆಟ್ಟದ ಮೈಗೆ ಎಷ್ಟು ಭಾರ ಹೊರಲು ಸಾಧ್ಯ ಎಂಬುದನ್ನು ಮೆಟ್ಟಿಲು ಕಟ್ಟಿದವರು ಅರಿತಿದ್ದರು. ವಯಸ್ಸಾದವರಿಗೆ, ಅಂಗವಿಕಲರಿಗೆ ಅನುಕೂಲ ಬೇಕೆಂಬುದು ನ್ಯಾಯವಾದ ಮಾತೇ. ಆದರೆ ಆ ಮಾತನ್ನು ಮುಂದಿಟ್ಟುಕೊಂಡು ಪ್ರತಿ ಶಿಖರಕ್ಕೂ ವಾಹನ ನಿಲ್ದಾಣವನ್ನು ಏರಿಸುವವರ ಕಣ್ಣು ಅಜ್ಜ ಅಜ್ಜಿಯರ ಮೇಲಿರುವುದಿಲ್ಲ.

ಕಾಲಿಗೆ ಬೇಲಿ, ಚಕ್ರಕ್ಕೆ ಸ್ವಾಗತ

ಈ ಸೀಮೆಯಲ್ಲಿ ಎಲ್ಲರಿಗಿಂತ ಹೆಚ್ಚು ನಡೆದವರು ಯಾರು? ಜೇನುಕುರುಬರು, ಬೆಟ್ಟಕುರುಬರು, ಯರವರು. ನಾಗರಹೊಳೆಯ ಹಳ್ಳಕೊಳ್ಳಗಳಿಗೆಲ್ಲ ಹೆಸರಿಟ್ಟವರು ಅವರು. ಜೇನಿಗೆ, ಗೆಣಸಿಗೆ, ನೆಂಟರ ಹಾಡಿಗೆ, ಹಿರಿಯರನ್ನು ಮಣ್ಣು ಮಾಡಿದ ತಾಣಕ್ಕೆ ಅವರ ಕಾಲುದಾರಿಗಳಿದ್ದವು. 1955ರಲ್ಲಿ ಅಭಯಾರಣ್ಯವಾದ ಆ ಕಾಡು ಮುಂದೆ ರಾಷ್ಟ್ರೀಯ ಉದ್ಯಾನವಾಯಿತು, 1999ರಲ್ಲಿ ಹುಲಿ ಯೋಜನೆಗೆ ಸೇರಿತು. ಅದರ ಕೇಂದ್ರ ಕಚೇರಿ ಇರುವುದು ಹುಣಸೂರಿನಲ್ಲಿಯೇ. ಈ ಅವಧಿಯಲ್ಲಿ ಕಾಡಿನಿಂದ ಹೊರಬಿದ್ದ ಆದಿವಾಸಿಗಳ ಸ್ಥಿತಿಯನ್ನು ಅಧ್ಯಯನ ಮಾಡಲು ರಾಜ್ಯದ ಹೈಕೋರ್ಟ್ ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಅವರ ಸಮಿತಿಯು 2014ರ ತನ್ನ ವರದಿಯಲ್ಲಿ ಸ್ಥಳಾಂತರಗೊಂಡ 3,418 ಕುಟುಂಬಗಳನ್ನು ಲೆಕ್ಕಕ್ಕೆ ತಂದಿತು.

ಇದೇ ಕಾಡಿನ ಮೂರ್ಕಲ್ಲಿನಲ್ಲಿ ದೊಡ್ಡ ಹೋಟೆಲ್ ಸಮೂಹವೊಂದಕ್ಕೆ ವಿಲಾಸಿ ತಂಗುದಾಣ ನಡೆಸಲು ಕಟ್ಟಡಗಳನ್ನು ಗುತ್ತಿಗೆಗೆ ಕೊಡಲಾಗಿತ್ತು ಎಂಬುದನ್ನು ಇಂದಿನ ವಿದ್ಯಾರ್ಥಿಗಳು ನಂಬಲಾರರು. ಆದಿವಾಸಿಗಳು ಬೀದಿಗಿಳಿದು ಹೋರಾಡಿದರು, ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. 1997ರ ಜನವರಿಯಲ್ಲಿ ಹೈಕೋರ್ಟ್ ಆ ಗುತ್ತಿಗೆಯನ್ನು ಕಾನೂನಿಗೆ ವಿರುದ್ಧವೆಂದು ಹೇಳಿತು. ಹೋಟೆಲು ನಿಂತಿತು, ಅದರ ಹಿಂದಿನ ಮನೋಧರ್ಮ ನಿಲ್ಲಲಿಲ್ಲ. 1974ರಲ್ಲಿ ಪೂರ್ಣಗೊಂಡ ಕಬಿನಿ ಅಣೆಕಟ್ಟೆಯ ಹಿನ್ನೀರಿನ ಅಂಚಿನುದ್ದಕ್ಕೂ ಇಂದು ರೆಸಾರ್ಟುಗಳು ಸಾಲುಗಟ್ಟಿವೆ. ನೀರಿಗಾಗಿ ನೆಲ ಕಳೆದುಕೊಂಡ ಎಚ್.ಡಿ. ಕೋಟೆಯ ಹಳ್ಳಿಗರು ಅದೇ ನೀರಿನ ಅಂಚಿಗೆ ಹೋಗಬೇಕಾದರೆ ಖಾಸಗಿ ಬೇಲಿಯನ್ನು ಸುತ್ತಿ ಹೋಗಬೇಕು. ಹುಲಿಯ ನೆಮ್ಮದಿಗಾಗಿ ಬರಿಗಾಲಿನ ಮನುಷ್ಯನನ್ನು ಹೊರಗಿಟ್ಟೆವು ಎನ್ನುವ ವ್ಯವಸ್ಥೆಯು ಹಣ ಕೊಟ್ಟವನ ಜೀಪಿಗೆ ಮಾತ್ರ ಬಾಗಿಲು ತೆರೆಯುವುದಾದರೆ ಅದನ್ನು ಸಂರಕ್ಷಣೆ ಎಂದು ಹೇಗೆ ಕರೆಯೋಣ? 2025ರ ನವೆಂಬರಿನಲ್ಲಿ, ಕಾಡಂಚಿನಲ್ಲಿ ಹುಲಿ ದಾಳಿಗೆ ರೈತರು ಸತ್ತ ಮೇಲೆ, ಬಂಡೀಪುರ ನಾಗರಹೊಳೆಗಳಲ್ಲಿ ಸಫಾರಿಯನ್ನು ನಿಲ್ಲಿಸಲು ಸರ್ಕಾರ ಆದೇಶಿಸಬೇಕಾಯಿತು. ಸಫಾರಿಯ ಗದ್ದಲವನ್ನೂ ಪ್ರಶ್ನಿಸಬೇಕು ಎಂದು ಹಳ್ಳಿಗರು ಅದಕ್ಕೂ ಮೊದಲಿನಿಂದ ಹೇಳುತ್ತಲೇ ಬಂದಿದ್ದರು.

ಅರಣ್ಯ ಹಕ್ಕುಗಳ ಕಾಯ್ದೆ ಬಂದದ್ದು 2006ರಲ್ಲಿ. ಅದಾಗಿ ಹತ್ತೊಂಬತ್ತು ವರ್ಷಗಳಾದ ಮೇಲೆ, 2025ರ ಮೇ ತಿಂಗಳಲ್ಲಿ, ಐವತ್ತಕ್ಕೂ ಹೆಚ್ಚು ಜೇನುಕುರುಬ ಕುಟುಂಬಗಳು ಕಾಡಿನೊಳಗಿನ ಕರಡಿಕಲ್ಲು ಅತ್ತೂರು ಕೊಲ್ಲಿಯ ತಮ್ಮ ಹಳೆಯ ನೆಲೆಗೆ ಹಿಂದಿರುಗಿ ಗುಡಿಸಲು ಹಾಕಿದವು. ಅದನ್ನು ಅತಿಕ್ರಮಣವೆಂದು ಕರೆದವರುಂಟು. ನಡೆದ ದಾರಿಯಲ್ಲಿಯೇ ಮರಳಿ ನಡೆದುದಕ್ಕೆ ಆ ಹೆಸರನ್ನಿಡಲು ನಮ್ಮ ಬಾಯಿ ಬಾರದು.

ಆಕ್ಷೇಪಗಳು

ಮೊದಲನೆಯ ಆಕ್ಷೇಪ: ಇದು ಆನೆಯ ಸೀಮೆ, ಮಕ್ಕಳನ್ನು ನಡೆಸಿಕೊಂಡು ಹೋಗುವುದು ಅಪಾಯ. ನಿಜ. ಹುಲಿ ಸಂರಕ್ಷಿತ ಪ್ರದೇಶದೊಳಗೆ ವಿದ್ಯಾರ್ಥಿಗಳು ಚಾರಣ ಮಾಡಲಿ ಎಂದು ನಾವು ಹೇಳುತ್ತಿಲ್ಲ. ಅದು ಕಾನೂನಿಗೂ ವಿವೇಕಕ್ಕೂ ವಿರುದ್ಧ. ಕಾಡಂಚಿನಲ್ಲಿ ರೈಲುಕಂಬಿಯ ತಡೆಬೇಲಿ ದಾಟಿ ಆನೆ ಬರುವುದುಂಟು. ಹನಗೋಡಿನ ಕಡೆ ನಡೆಯುವವರು ಬೆಳಕು ಹರಿದ ಮೇಲೆ ಹೊರಟು, ಬೆಳಕಿರುವಾಗಲೇ ಊರು ಸೇರಬೇಕು, ಸ್ಥಳೀಯರೊಬ್ಬರು ಜೊತೆಗಿರಬೇಕು. ಆದರೆ ಹುಣಸೂರು ಪಟ್ಟಣದೊಳಗಿನ ದಡವನ್ನು ಮುಚ್ಚಿದ್ದು ಆನೆಯಲ್ಲ.

ಎರಡನೆಯದು: ದಡದಲ್ಲಿರುವವರು ಬಡವರು, ನಿಮ್ಮ ನಡಿಗೆಯ ದಾರಿಗಾಗಿ ಅವರನ್ನು ಒಕ್ಕಲೆಬ್ಬಿಸುತ್ತೀರಾ? ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಬೇಕು. ನೆರೆ ಬಂದಾಗ ಮೊದಲು ಮುಳುಗುವುದು, ಕೊಳಚೆಯ ಸೊಳ್ಳೆಗೆ ಮೊದಲು ಕಾಯಿಲೆ ಬೀಳುವುದು ಆ ಬಡವರ ಮನೆಗಳೇ. ಊರಿನೊಳಗೆ, ಕೂಲಿ ಸಿಗುವ ದೂರದಲ್ಲಿ, ಹಕ್ಕುಪತ್ರದೊಡನೆ ಮನೆ ಕೊಡದೆ ಒಂದು ಗುಡಿಸಲನ್ನೂ ಮುಟ್ಟಬಾರದು. ಆದರೆ ಗುಡಿಸಲಿನ ನೆರಳಿನಲ್ಲಿ ಅಡಗಿ ಬಡಾವಣೆ ಮಾಡಿ ನಿವೇಶನ ಮಾರಿದವರೂ, ದಡದ ಮೇಲೆ ಕಾಂಕ್ರೀಟು ಎಬ್ಬಿಸಿದವರೂ ಇದ್ದಾರೆ. ಅಳತೆ ಅವರಿಂದ ಆರಂಭವಾಗಲಿ.

ಮೂರನೆಯದು ನಮ್ಮವರದೇ ಮಾತು: ಪೇಟೆಯವರ ಕೊಳಚೆಗೆ ಬೆಟ್ಟದವರೇಕೆ ತಲೆ ಕೆಡಿಸಿಕೊಳ್ಳಬೇಕು? ಬೆಟ್ಟದ ನಾವೂ ನಿರಪರಾಧಿಗಳಲ್ಲ. ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ತಿಂಗಳುಗಳಲ್ಲಿ ಪಲ್ಪಿಂಗ್ ನೀರನ್ನು ಗುಂಡಿಯಲ್ಲಿ ಹಿಡಿಯದೆ ತೋಡಿಗೆ ಬಿಡುವ ತೋಟಗಳು ಇಲ್ಲವೆಂದು ಎದೆ ಮುಟ್ಟಿ ಹೇಳಬಲ್ಲೆವೇ? ಆ ಸಿಹಿನೀರು ಹೊಳೆಯ ಆಮ್ಲಜನಕವನ್ನು ಪೇಟೆಯ ಮೋರಿಯಷ್ಟೇ ಹೀರುತ್ತದೆ. ನದಿಯ ಮೇಲ್ಭಾಗದಲ್ಲಿ ನಡೆಯದವನು ಕೆಳಭಾಗದವನನ್ನು ಬಯ್ಯುವ ಹಕ್ಕನ್ನು ಪಡೆಯುವುದಿಲ್ಲ.

ಕಾನೂನು ಯಾರ ಕಡೆಗಿದೆ?

ನಮ್ಮ ಬೇಡಿಕೆ ಹೊಸದೇನಲ್ಲ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 67ನೇ ಕಲಮಿನ ಪ್ರಕಾರ ಸಾರ್ವಜನಿಕ ರಸ್ತೆ, ಓಣಿ, ದಾರಿಗಳು ಹಾಗೂ ನದಿ, ತೊರೆ, ಹಳ್ಳ, ಕೆರೆಗಳ ಪಾತ್ರಗಳು, ಬೇರೆಯವರ ಹಕ್ಕು ಸಾಬೀತಾಗದ ಹೊರತು, ಸರ್ಕಾರದ ಸ್ವತ್ತು. ಎಂದರೆ ನಮ್ಮೆಲ್ಲರ ಸ್ವತ್ತು. ಸರ್ವೆ ಇಲಾಖೆಯ ಗ್ರಾಮನಕ್ಷೆಯನ್ನು ಬಿಡಿಸಿ ನೋಡಿ: ಬಂಡಿದಾರಿ, ಕಾಲುದಾರಿ, ಹಳ್ಳ ಎಲ್ಲವೂ ಗೆರೆಗಳಲ್ಲಿ ಅಲ್ಲಿವೆ. ಪಹಣಿಯಲ್ಲಿ ಬಿ-ಖರಾಬು ಎಂದು ಬರೆದಿರುವ ನೆಲ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು. ಅದನ್ನು ಉಳುವ, ಮಾರುವ, ಬೇಲಿ ಹಾಕುವ ಹಕ್ಕು ಪಕ್ಕದ ಜಮೀನಿನವನಿಗಿಲ್ಲ. ನಕಾಶೆಯಲ್ಲಿರುವ ದಾರಿ ನೆಲದ ಮೇಲೆ ಮಾಯವಾಗಿದ್ದರೆ ಅದನ್ನು ಬಿಡಿಸಿಕೊಡುವುದು ಕಂದಾಯ ಆಡಳಿತದ ಕರ್ತವ್ಯ.

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ ಡಿ. ದೇವರಾಜ ಅರಸರ ಊರು. ಅವರು ಮುಖ್ಯಮಂತ್ರಿಯಾಗಿದ್ದಾಗ 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ಗೇಣಿದಾರನನ್ನು ನೆಲದ ಒಡೆಯನನ್ನಾಗಿಸಿತು. ತಲೆತಲಾಂತರದಿಂದ ಉತ್ತವನಿಗೆ ಆ ಉಳುಮೆಯೇ ದಾಖಲೆಯಾಯಿತು. ಅದೇ ನ್ಯಾಯವನ್ನು ನಾವು ದಾರಿಗೆ ಕೇಳುತ್ತಿದ್ದೇವೆ. ತಲೆತಲಾಂತರದಿಂದ ನಡೆದವರ ಹೆಜ್ಜೆಗೂ ದಾಖಲೆಯ ಬೆಲೆ ಬರಲಿ.

ನಾವು ಕೇಳುವುದು, ನಾವು ಮಾಡುವುದು

ಒಂದು: ಹನಗೋಡಿನಿಂದ ಕಟ್ಟೆಮಳಲವಾಡಿಯವರೆಗೆ ನದಿಯ ಎರಡೂ ದಡಗಳ ಸರ್ವೆಯಾಗಲಿ, ಗಡಿಕಲ್ಲುಗಳು ನೆಡಲ್ಪಡಲಿ, ನಕ್ಷೆಯನ್ನು ಪ್ರತಿ ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ತೂಗುಹಾಕಲಿ.

ಎರಡು: ದಡದಗುಂಟ ಮಣ್ಣಿನ ಕಾಲುದಾರಿ ಇರಲಿ. ಸೌಂದರ್ಯೀಕರಣದ ಹೆಸರಿನಲ್ಲಿ ಕಾಂಕ್ರೀಟು ಗೋಡೆ, ಬಣ್ಣದ ದೀಪ, ಟಿಕೆಟ್ಟಿನ ಉದ್ಯಾನ ಬೇಡ. ಹೊಂಗೆ, ಅತ್ತಿ, ನೀರಂಜಿಗಳ ನೆರಳು ಸಾಕು.

ಮೂರು: ನದಿಗೆ ಬೀಳುವ ಪ್ರತಿಯೊಂದು ಮೋರಿಯ ಬಾಯಿಗೂ ಸಂಖ್ಯೆ ಬರೆಯಲಿ, ಅದು ಯಾವ ಬಡಾವಣೆಯದು, ಶುದ್ಧೀಕರಣಕ್ಕೆ ಯಾವಾಗ ಸೇರುತ್ತದೆ ಎಂಬುದನ್ನು ಅಲ್ಲಿಯೇ ಫಲಕದಲ್ಲಿ ತಿಳಿಸಲಿ.

ನಾಲ್ಕು: ಬೆಟ್ಟದಪುರ, ಗೊಮ್ಮಟಗಿರಿಗಳ ಮೆಟ್ಟಿಲ ದಾರಿಗಳು ಮೆಟ್ಟಿಲ ದಾರಿಗಳಾಗಿಯೇ ಉಳಿಯಲಿ.

ಐದು: ಅರಣ್ಯ ಹಕ್ಕು ಕಾಯ್ದೆಯ ಅರ್ಜಿಗಳನ್ನು ಇತ್ಯರ್ಥಪಡಿಸುವಾಗ ಹಾಡಿಯಿಂದ ಹಾಡಿಗೆ, ಸಮಾಧಿಗೆ, ದೇವರ ನೆಲೆಗೆ ಹೋಗುವ ಕಾಲುದಾರಿಗಳನ್ನೂ ಸಮುದಾಯದ ಹಕ್ಕೆಂದು ದಾಖಲಿಸಲಿ.

ಸರ್ಕಾರ ಇದನ್ನೆಲ್ಲ ಮಾಡುವವರೆಗೆ ನಾವು ಕಾಯಬೇಕಾಗಿಲ್ಲ. ಗ್ರಾಮನಕ್ಷೆಯನ್ನು ಸರ್ವೆ ಕಚೇರಿಯಲ್ಲಿ ಶುಲ್ಕ ಕಟ್ಟಿ ಪಡೆಯಬಹುದು. ಕೊಡದಿದ್ದರೆ ಹತ್ತು ರೂಪಾಯಿಯ ಮಾಹಿತಿ ಹಕ್ಕಿನ ಅರ್ಜಿಯಿದೆ. ಶಾಲೆ ಕಾಲೇಜುಗಳ ಪರಿಸರ ಸಂಘಗಳು ವರ್ಷಕ್ಕೆ ಮೂರು ಸಲ ಒಂದೇ ದಾರಿಯನ್ನು ನಡೆಯಲಿ: ಮುಂಗಾರಿನ ಮೊದಲು, ನೆರೆ ಇಳಿದ ಮೇಲೆ, ಸಂಕ್ರಾಂತಿಯ ಹೊತ್ತಿಗೆ. ಪ್ರತಿ ಸಲವೂ ಒಂದು ನೋಟುಪುಸ್ತಕದಲ್ಲಿ ಬರೆದಿಡಲಿ: ಎಷ್ಟು ಮೋರಿಗಳು, ಎಷ್ಟು ಪಂಪುಗಳು, ಎಲ್ಲಿ ಹೊಸ ಬೇಲಿ, ಎಲ್ಲಿ ಬಿದ್ದ ಮರ, ಯಾವ ಹಕ್ಕಿ ಕಂಡಿತು, ಯಾವುದು ಕಾಣಲಿಲ್ಲ. ಐದು ವರ್ಷಗಳ ಅಂಥ ಪುಸ್ತಕವನ್ನು ಮುಂದಿಟ್ಟರೆ ಯಾವ ಅಧಿಕಾರಿಯೂ ಮಾಹಿತಿ ಇಲ್ಲವೆಂದು ಹೇಳಲಾರ.

ಸಂಕ್ರಾಂತಿಯ ಕಾಲದ ಚುಂಚನಕಟ್ಟೆಯ ದನಗಳ ಜಾತ್ರೆಗೆ ರೈತರು ಹಿಂದೆ ಜೋಡೆತ್ತುಗಳನ್ನು ನಡೆಸಿಕೊಂಡೇ ಬರುತ್ತಿದ್ದರು. ಕಾವೇರಿ ಧುಮುಕುವ ಆ ತಾಣಕ್ಕೆ ನಾಲ್ಕೂ ದಿಕ್ಕಿನಿಂದ ದಾರಿಗಳಿದ್ದವು. ದಾರಿಯುದ್ದಕ್ಕೂ ನೀರು ಕುಡಿಸುವ ಕಟ್ಟೆಗಳಿದ್ದವು. ಆ ದಾರಿಗಳಲ್ಲಿ ಎಷ್ಟು ಉಳಿದಿವೆ ಎಂದು ನಿಮ್ಮ ಮನೆಯ ಹಿರಿಯರನ್ನು ಕೇಳಿ. ಅವರು ಹೇಳಿದ ಹೆಸರುಗಳನ್ನು ನಕ್ಷೆಯ ಮೇಲೆ ಗುರುತಿಸಿ. ಬರುವ ಭಾನುವಾರ, ಬಿಸಿಲೇರುವ ಮೊದಲು, ಅವುಗಳಲ್ಲಿ ಒಂದನ್ನಾದರೂ ನಡೆದು ನೋಡಿ, ಬೇಲಿ ಅಡ್ಡ ಬಂದಲ್ಲಿ ನಿಂತು ಸರ್ವೆ ನಂಬರನ್ನು ಬರೆದುಕೊಂಡು ಬನ್ನಿ. ಮುಂದಿನ ಕೆಲಸ ಅಲ್ಲಿಂದ ಆರಂಭವಾಗುತ್ತದೆ.